ಮುನ್ನೂರ ಹದಿನೇಳು ವಿಳಾಸಕ್ಕೆ ಒಂದೇ ನಂಬರು

ಡಿಜಿಟಲ್ ಬೀಗಗಳು ಬಂದ ಮೊದಲ ಸೋಮವಾರ ಕಂಪನಿಯ ಹನ್ನೊಂದು ಲಾರಿಗಳು ಹನ್ನೊಂದು ಗೋದಾಮುಗಳ ಮುಂದೆ ಹೋಗಿ ನಿಂತವು. ಒಂದು ಲಾರಿಯ ಬಾಗಿಲೂ ತೆರೆಯಲಿಲ್ಲ. ಸಿಮೆಂಟು ಬೇಕಾದವನು ಸಿಮೆಂಟಿನ ಎದುರಿಗೇ ಕೈಕಟ್ಟಿ ನಿಂತಿದ್ದ. ಪ್ಲಾಸ್ಟಿಕ್ ಬಕೆಟ್ ಅಂಗಡಿಯವನು ಲಾರಿಗೆ ಎರಡು ಸುತ್ತು ಹಾಕಿ, ಎಲ್ಲಾದರೂ ಒಂದು ಸಂದು ಇದೆಯೇ ಎಂದು ಬಗ್ಗಿ ನೋಡಿದ್ದ. ಇತ್ತ ಲಾರಿ ಆಫೀಸಿನಲ್ಲಿ ಬುಕಿಂಗ್ ಗುಮಾಸ್ತ ಎರಡು ಕಿವಿಗೂ ಒಂದೊಂದು ಫೋನು ಹಿಡಿದು, ಇಬ್ಬರಿಗೂ ಒಂದೇ ನಿಮಿಷ ಒಂದೇ ನಿಮಿಷ ಎನ್ನುತ್ತಾ, ಯಾರಿಗೆ ಏನು ಹೇಳುತ್ತಿದ್ದೇನೆಂದು ತನಗೇ ತಿಳಿಯದೆ ಕೂತಿದ್ದ.

ಬೀಗದ ವಿಚಾರ ಕೇಳುವುದಕ್ಕೇನೋ ಬಲು ಸಲೀಸಾಗಿತ್ತು. ಅದನ್ನು ಅಳವಡಿಸಲು ಬಂದ ಇಂಜಿನಿಯರು ಸದಾ ಕೈಯಲ್ಲೊಂದು ಟ್ಯಾಬ್ಲೆಟ್ಟು ಹಿಡಿದಿರುತ್ತಿದ್ದ. ಅದಕ್ಕೇ ಚಾಲಕರು ಅವನಿಗೆ 'ಮಾತ್ರೆ' ಎಂದು ಹೆಸರಿಟ್ಟಿದ್ದರು. ಮಾತ್ರೆ ಐದೇ ನಿಮಿಷದಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದ. ಸರಕು ತುಂಬಿದ ಕೂಡಲೇ ಬಾಗಿಲು ತಾನೇ ಬೀಗ ಹಾಕಿಕೊಳ್ಳುತ್ತದೆ. ಲಾರಿ ಇಳಿಸುವ ಜಾಗ ಮುಟ್ಟುತ್ತಲೇ ಸರಕು ಪಡೆಯುವವನ ಮೊಬೈಲಿಗೆ ನಾಲ್ಕಂಕಿಯ ಓಟಿಪಿ ಹೋಗುತ್ತದೆ. ಅವನು ಅದನ್ನು ಚಾಲಕನಿಗೆ ಹೇಳಬೇಕು, ಚಾಲಕ ಬಾಗಿಲ ಮೇಲಿನ ಗುಂಡಿ ಒತ್ತಬೇಕು, ಬಾಗಿಲು ತೆರೆಯುತ್ತದೆ, ಆಫೀಸಿನ ಪರದೆಯ ಮೇಲೆ ಕೆಂಪು ಚುಕ್ಕೆ ಹಸಿರಾಗುತ್ತದೆ. ಕಾಗದ ಬೇಡ, ಸಹಿ ಬೇಡ. ಮೂರು ಸಲ ತಪ್ಪು ಒತ್ತಿದರೆ ಮಾತ್ರ ಬೀಗ ಸೆಟೆದುಕೊಳ್ಳುತ್ತದೆ, ಆಮೇಲೆ ಅದನ್ನು ಬಿಡಿಸಲು ಯಜಮಾನರ ಮೊಬೈಲೇ ಆಗಬೇಕು. ಗುಮಾಸ್ತ ಎಲ್ಲಕ್ಕೂ ತಲೆಯಾಡಿಸಿದ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ, ಅರ್ಥವಾಗದ್ದಕ್ಕೆ ಸ್ವಲ್ಪ ಜೋರಾಗಿಯೇ ತಲೆಯಾಡಿಸಬೇಕೆಂದು ಅವನು ಕಲಿತಿದ್ದ.

ಓಟಿಪಿ ಹೋಗಿದೆ ಎಂದು ಪರದೆ ಹೇಳುತ್ತಿತ್ತು. ಬಂದಿಲ್ಲ ಎಂದು ಹನ್ನೊಂದು ಜನ ಆಣೆ ಮಾಡುತ್ತಿದ್ದರು. ಹೋದದ್ದು ಹಾಗಾದರೆ ಎಲ್ಲಿಗೆ ಹೋಯಿತು ಎಂದು ಗುಮಾಸ್ತ ಕೇಳಿದ್ದಕ್ಕೆ ಮಾತ್ರೆ, ಹೋಗಬೇಕಾದಲ್ಲಿಗೇ ಹೋಗಿದೆ ಸರ್ ಎಂದು ಸಮಾಧಾನ ಹೇಳಿದ. ಆ ಸಮಾಧಾನದಿಂದ ಗುಮಾಸ್ತನ ತಲೆ ಇನ್ನಷ್ಟು ಗಿರ್ರೆಂದಿತು.

ಹನ್ನೆರಡು ಗಂಟೆಯ ಹೊತ್ತಿಗೆ ಒಂದು ಚುಕ್ಕೆ ಹಸಿರಾಯಿತು. ಐದು ನಿಮಿಷಕ್ಕೆ ಇನ್ನೊಂದು. ಒಂದರ ಹಿಂದೊಂದು ಹನ್ನೊಂದೂ ಹಸಿರಾದವು. ಮಾತ್ರೆ ತನ್ನ ಬೆನ್ನು ತಾನೇ ತಟ್ಟಿಕೊಂಡ. ಯಾರೂ ಏನೂ ಮಾಡದೆ ಸರಿಹೋಯಿತೆಂದರೆ ಗುಮಾಸ್ತನಿಗೆ ಯಾಕೋ ನಂಬಿಕೆ ಬರಲಿಲ್ಲ. ಸಿಮೆಂಟಿನ ಲಾರಿಯ ಚಾಲಕನಿಗೆ ಫೋನು ಹಚ್ಚಿದ. ಅವನು ಎಲ್ಲರಿಗೂ ಬರೀ 'ಗಡ್ಡ'; ಎದೆಯವರೆಗೆ ಬಿಟ್ಟ ಗಡ್ಡವೇ ಅವನ ಗುರುತಿನ ಚೀಟಿ.

"ನಂಬರ್ ಅಕ್ಕ ಕೊಟ್ರಲ್ಲ ಸರ್," ಅಂದ ಗಡ್ಡ.

ಯಾವ ಅಕ್ಕ ಎಂದು ಗುಮಾಸ್ತ ಕೇಳಿದ.

"ನಿಮ್ಮಕ್ಕಾನೇ. ಬಾಗಿಲು ತೆಗೀಲಿಲ್ಲ ಅಂತ ಯಾವಾಗಿನ ಹಾಗೆ ಅಕ್ಕಂಗೆ ಫೋನ್ ಮಾಡ್ದೆ. ನಂಬರ್ ನನ್ನ ಹತ್ರ ಬಂದಿದೆ ಕಣಪ್ಪ, ತಗೋ ಅಂದ್ರು. ಆಮೇಲೆ ನಾನೇ ಎಲ್ಲರಿಗೂ ಹೇಳ್ದೆ, ಅಕ್ಕಂಗೆ ಹಚ್ಚಿ ಅಂತ."

ಗುಮಾಸ್ತ ಊಟದ ಬಿಡುವಿಗೂ ಕಾಯದೆ ಮನೆಗೆ ನಡೆದ. ನಡೆಯುತ್ತ ನಡೆಯುತ್ತ ಒಂದೊಂದಾಗಿ ನೆನಪಾಗಿ, ಸೈಕಲ್ ರಿಪೇರಿ ಅಂಗಡಿ ಮುಟ್ಟುವಷ್ಟರಲ್ಲಿ ಅವನಿಗೆ ಬೆವರು ಕಿತ್ತುಕೊಂಡಿತ್ತು. ಆ ಅಂಗಡಿಯ ಮೇಲಿನ ಎರಡು ಕೋಣೆಯೇ ಅವನ ಮನೆ. ಮದುವೆಯಾಗದ ತಮ್ಮ, ಮದುವೆಯಾಗದ ಅಕ್ಕ. ಅಪ್ಪ ಅಮ್ಮ ಹೋದಾಗ ಅವನಿಗೆ ಒಂಬತ್ತು, ಅವಳಿಗೆ ಇಪ್ಪತ್ತೊಂದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ಅವಳ ಸಂಬಳದಲ್ಲೇ ಅವನು ಬೆಳೆದು ಗುಮಾಸ್ತನಾದದ್ದು. ಊರಿನ ನಂಬರುಗಳೆಲ್ಲ ಅವಳ ಬಾಯಲ್ಲಿದ್ದ ಕಾಲವೊಂದಿತ್ತು. ಯಾರ ಮನೆಗೆ ಬೇಕು ಎಂದರೆ ಸಾಕು, ಪುಸ್ತಕ ತೆರೆಯದೆ ಕನೆಕ್ಷನ್ ಕೊಡುತ್ತಿದ್ದಳು.

ಅವಳು ನಿವೃತ್ತಳಾದ ಮೇಲೆ ಗುಮಾಸ್ತ ಒಂದು ಉಪಾಯ ಮಾಡಿದ್ದ. ಸರಕಿನ ರಿಜಿಸ್ಟರಿನಲ್ಲಿ 'ಪಡೆಯುವವರ ಫೋನು' ಎಂಬ ಒಂದು ಕಾಲಂ. ಪಡೆಯುವವರೋ, ತಿಂಗಳಿಗೊಂದು ನಂಬರು ಬದಲಿಸುವವರು, ಬದಲಿಸದಿದ್ದರೆ ಎತ್ತದವರು. ಚಾಲಕರು ದಾರಿ ತಪ್ಪಿದಾಗ ಆಫೀಸಿಗೆ ಫೋನು ಮಾಡಿ ಅವನ ತಲೆ ತಿನ್ನುತ್ತಿದ್ದರು. ಅವನು ಆ ಕಾಲಂನಲ್ಲಿ ತಮ್ಮ ಮನೆಯ, ಅಂದರೆ ಅಕ್ಕನ ಕೈಲಿದ್ದ ಮೊಬೈಲಿನ ನಂಬರನ್ನೇ ಬರೆಯತೊಡಗಿದ. ಅಕ್ಕ ಮನೆಯಲ್ಲಿ ಕೂತೇ ನೀರಿನ ಟ್ಯಾಂಕಿನ ಹತ್ತಿರ ಎಡಕ್ಕೆ ತಿರುಗು, ಹಳದಿ ಗೇಟು ಸಿಗುತ್ತದೆ ಎಂದು ಹೇಳಿ ದಡ ಮುಟ್ಟಿಸುತ್ತಿದ್ದಳು. ಒಬ್ಬರಿಗೆಂದು ಶುರುವಾದದ್ದು ಐದಾರು ವರ್ಷದಲ್ಲಿ ಎಲ್ಲರಿಗೂ ಆಯಿತು. ಯಾರೂ ಆ ಕಾಲಂ ಓದುತ್ತಿರಲಿಲ್ಲ. ಈಗ ಮಾತ್ರೆ ರಿಜಿಸ್ಟರುಗಳನ್ನೆಲ್ಲ ಇದ್ದಕ್ಕಿದ್ದ ಹಾಗೆ ಕಂಪ್ಯೂಟರಿಗೆ ಏರಿಸಿದ್ದ. ಊರ ಸರಕಿನ ಬಾಗಿಲುಗಳೆಲ್ಲ ಅಕ್ಕನ ಮೊಬೈಲಿಗೆ ಬಂದು ಕೂತಿದ್ದವು.

ಮೆಟ್ಟಿಲು ಹತ್ತಿ ಒಳಗೆ ಹೋದವನು ಹೊಸ್ತಿಲಲ್ಲೇ ನಿಂತ. ಅಕ್ಕ ತಲೆ ಬಾಚಿಕೊಂಡಿದ್ದಳು. ಒಗೆದ ಬಟ್ಟೆ ಉಟ್ಟು, ಕನ್ನಡಕ ಏರಿಸಿ, ಮೊಬೈಲನ್ನು ಮೇಜಿನ ಮೇಲೆ ನೇರವಾಗಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಹನ್ನೊಂದು ಬಂದ್ವು, ಹನ್ನೊಂದೂ ಕೊಟ್ಟೆ ಎಂದು ವರದಿ ಒಪ್ಪಿಸಿದಳು. ಮೆಸೇಜು ತೋರಿಸು ಎಂದರೆ ಒಂದೂ ಇರಲಿಲ್ಲ. ನಂಬರು ಓದಿದ ತಕ್ಷಣ ಅಳಿಸಿಬಿಟ್ಟಿದ್ದಳು. ಮಾತು ಮುಗಿದ ಮೇಲೆ ತಂತಿ ಎಳೆದು ಎಕ್ಸ್‌ಚೇಂಜಿನ ಬೋರ್ಡು ಖಾಲಿ ಮಾಡದವಳು ಎಂಥ ಆಪರೇಟರು ಎಂದು ಅವನನ್ನೇ ಗದರಿಸಿದಳು.

ಹೀಗೆ ಗದರಿಸಿ ಆರು ತಿಂಗಳಾಗಿತ್ತು. ಆರು ತಿಂಗಳಿಂದ ಅವಳು ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು, ಮಾಸಿದ ಬಟ್ಟೆ ಬದಲಿಸುತ್ತಿರಲಿಲ್ಲ, ಒಂದು ದಿನ ಸೋಪು ತರಲು ಹೋಗಿ ಬೀದಿ ತಿರುವಿನಲ್ಲಿ ಒಂದು ಗಂಟೆ ನಿಂತಿದ್ದಳು. ಪಕ್ಕದ ಮನೆಯಾಕೆ ಕೈಹಿಡಿದು ಕರೆತಂದು, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದಳು. ಅವತ್ತಿನಿಂದ ಗುಮಾಸ್ತ ಆ ಪಕ್ಕದ ಮನೆಯಾಕೆಯ ಹತ್ತಿರ ಮಾತು ಬಿಟ್ಟಿದ್ದ. ಕೇಳಿದವರಿಗೆಲ್ಲ ನಿದ್ದೆ ಸಾಲದು ಅಷ್ಟೆ ಎನ್ನುತ್ತಿದ್ದ. ಹೇಳಿ ಹೇಳಿ ತಾನೂ ಅರ್ಧ ನಂಬಿದ್ದ.

ಆಫೀಸಿಗೆ ಹೋಗಿ ಕಾಲಂ ಸರಿಮಾಡಿಸಬೇಕಿತ್ತು. ಹತ್ತು ನಿಮಿಷದ ಕೆಲಸ. ಆದರೆ ಸರಿಮಾಡಿಸಿದರೆ ನಾಳೆಯಿಂದ ಈ ಫೋನು ಬಡಿದುಕೊಳ್ಳುವುದಿಲ್ಲ, ಅಕ್ಕ ತಲೆ ಬಾಚುವುದಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತವಳನ್ನು ಮತ್ತೆ ಮೂಲೆಗೆ ತಳ್ಳಲು ಅವನಿಗೆ ಮನಸ್ಸು ಬರಲಿಲ್ಲ. ನಾಳೆ ನೋಡೋಣ ಎಂದುಕೊಂಡ. ಮಾರನೆಯ ದಿನವೂ ಹಾಗೇ ಅಂದುಕೊಂಡ.

ಮೂರು ವಾರ ಹಾಗೇ ನಡೆಯಿತು. ಅಕ್ಕನ ಗತ್ತು ನೋಡಬೇಕಿತ್ತು. ನಂಬರು ಕೇಳಿದ ಚಾಲಕನಿಗೆ ಮೊದಲು ಊಟ ಆಯಿತಾ ಎಂದು ಕೇಳುವಳು, ಆಗಿಲ್ಲವೆಂದರೆ ತಿಂದು ಬಾ, ಆಮೇಲೆ ಕೊಡ್ತೀನಿ ಎನ್ನುವಳು. ಒಮ್ಮೊಮ್ಮೆ ಅಂಕಿ ಹಿಂದುಮುಂದಾಗುತ್ತಿತ್ತು. ಚಾಲಕರು ಕೆಮ್ಮಿ, ಅಕ್ಕಾ ಇನ್ನೊಂದ್ಸಲ ಹೇಳಿ, ಇಲ್ಲಿ ಗಲಾಟೆ ಎನ್ನುತ್ತಿದ್ದರು. ಅವರಲ್ಲಿ ಒಬ್ಬನೂ ಆಫೀಸಿನಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಗುಮಾಸ್ತನಿಗೆ ಅದು ಗೊತ್ತಿತ್ತೋ ಇಲ್ಲವೋ ಎಂದರೆ, ಗೊತ್ತಾಗದ ಹಾಗೆ ಇದ್ದ ಎನ್ನಬೇಕು.

ನಡುವೆ ಒಂದು ಗಂಡಾಂತರ ಬಂದುಹೋಯಿತು. ತಿಂಗಳ ವರದಿ ತೆಗೆದ ಕಂಪ್ಯೂಟರು, ಕಂಪನಿಯ ಅತಿ ದೊಡ್ಡ ಗ್ರಾಹಕರು ಯಾರೋ ಒಬ್ಬರಿದ್ದಾರೆ, ಮುನ್ನೂರ ಹದಿನೇಳು ವಿಳಾಸದಲ್ಲಿ ಸರಕು ಪಡೆಯುತ್ತಾರೆ ಎಂದು ಹೇಳಿತು. ಸಿಮೆಂಟೂ ಅವರಿಗೇ, ಬಕೆಟ್ಟೂ ಅವರಿಗೇ, ಆಸ್ಪತ್ರೆ ಮಂಚ, ಕೋಳಿ ಮೇವು ಎಲ್ಲಾ ಅವರಿಗೇ. ಯಜಮಾನರು ಕಣ್ಣು ಬಾಯಿ ಬಿಟ್ಟುಕೊಂಡು, ಯಾರಯ್ಯಾ ಈ ಮಹಾನುಭಾವ, ಇಷ್ಟು ವರ್ಷದಲ್ಲಿ ಒಂದು ದಿನವೂ ನಾನು ಮುಖ ನೋಡಿಲ್ಲವಲ್ಲ ಎಂದು ಕೇಳಿದರು. ಒಂದು ಶಾಲು ಹೊದಿಸಿ ಸನ್ಮಾನ ಮಾಡಬೇಕೆಂದೂ ಹೊರಟರು. ಅವರು ತುಂಬಾ ಸಂಕೋಚದ ಸ್ವಭಾವದವರು ಸರ್ ಎಂದು ಗುಮಾಸ್ತ ತೊದಲಿದ. ಮಾತ್ರೆ ಟ್ಯಾಬ್ಲೆಟ್ಟು ತಿರುವಿ ತಿರುವಿ ನೋಡಿ, ಇದ್ದರೂ ಇರಬಹುದು ಸರ್ ಎಂದ. ತನ್ನ ಯಂತ್ರದ ಮಾತನ್ನು ಅವನು ಅನುಮಾನಿಸುವ ಪೈಕಿ ಅಲ್ಲ.

ಆಮೇಲೆ ಕೋಳಿಮರಿಗಳ ಗುರುವಾರ ಬಂತು.

ಆ ದಿನ ಗಡ್ಡ ಹೊತ್ತು ಹೋದದ್ದು ಆರು ಸಾವಿರ ಮರಿ; ಹುಟ್ಟಿ ಒಂದು ದಿನವಾದವು, ತೂತು ಕೊರೆದ ರಟ್ಟಿನ ಪೆಟ್ಟಿಗೆಗಳಲ್ಲಿ. ಗಾಡಿ ಓಡುತ್ತಿದ್ದರೆ ಕಿಂಡಿಗಳಿಂದ ಗಾಳಿಯಾಡುತ್ತದೆ. ಬಿಸಿಲಿಗೆ ನಿಂತರೆ ಒಳಗೆ ಒಲೆ. ಫಾರಂ ಮುಟ್ಟಿ ಅವನು ಅಕ್ಕನಿಗೆ ಫೋನು ಮಾಡಿದ, ಅವಳು ನಂಬರು ಹೇಳಿದಳು, ಅವನು ಒತ್ತಿದ, ತಪ್ಪು. ಪರದೆಯ ಮೇಲೆ ಚುಕ್ಕೆ ಕೆಂಪಗೆ ಮಿನುಗಿತು. ಇನ್ನೊಂದು ಸಲ ಕೇಳಿದ, ಇನ್ನೊಂದು ಹೇಳಿದಳು, ಅದೂ ತಪ್ಪು. ಗಡ್ಡ ಮೂರನೆಯದನ್ನು ಒತ್ತಲು ಹೋಗದೆ ಗುಮಾಸ್ತನಿಗೆ ಫೋನು ಮಾಡಿದ.

"ಸರ್, ಅಕ್ಕ ನಾಲ್ಕು ಅಂಕಿ ಹೇಳಿ ಆಮೇಲೆ ಅಂಚೆ ಕಚೇರಿ ಅಂದ್ರು. ಅಂಚೆ ಕಚೇರಿ ನಂಬರ್ ಅಂತೆ. ನನಗೆ ಏನೂ ತಿಳೀತಿಲ್ಲ. ಒಳಗೆ ಮರಿಗಳು ಕೂಗ್ತಿವೆ."

ಫೋನಿನಲ್ಲೇ ಆ ಕೂಗು ಕೇಳುತ್ತಿತ್ತು. ನಿಲ್ಲಿಸಬೇಡ, ಫಾರಂ ಸುತ್ತ ಸುತ್ತು ಹೊಡೆಯುತ್ತಿರು, ನಾನು ಮನೆಗೆ ಹೋಗಿ ನಂಬರು ನೋಡಿ ಹೇಳ್ತೀನಿ ಎಂದು ಹೇಳಿ ಗುಮಾಸ್ತ ಓಡಿದ. ಐವತ್ತೈದರ ವಯಸ್ಸಿನಲ್ಲಿ, ಪೆನ್ನು ಕಿವಿಗೆ ಸಿಕ್ಕಿಸಿಕೊಂಡೇ.

ಗಡ್ಡ ಹೇಳಿದ ಹಾಗೆ ಸುತ್ತು ಹೊಡೆದ. ಅವನು ಗೇಟಿನಿಂದ ದೂರ ಹೋದಾಗ ಗಾಡಿ ಹೊರಟಿತು ಎಂದುಕೊಂಡ ಯಂತ್ರ, ತಿರುಗಿ ಗೇಟಿಗೆ ಬಂದಾಗ ಗಾಡಿ ಮುಟ್ಟಿತು ಎಂದುಕೊಂಡಿತು. ಮುಟ್ಟಿದಾಗಲೆಲ್ಲ ಹಳೆಯ ಓಟಿಪಿ ರದ್ದು ಮಾಡಿ ಹೊಸದು ಕಳಿಸಿತು. ಇದು ಗಡ್ಡನಿಗೂ ಗೊತ್ತಿಲ್ಲ, ಓಡುತ್ತಿದ್ದ ಗುಮಾಸ್ತನಿಗೂ ಗೊತ್ತಿಲ್ಲ. ಗೊತ್ತಾಗುತ್ತಿದ್ದುದು ಅಕ್ಕನಿಗೊಬ್ಬಳಿಗೆ, ಅವಳ ಫೋನು ಮೂರು ನಿಮಿಷಕ್ಕೊಮ್ಮೆ ಟಿಣ್ ಎನ್ನುತ್ತಿತ್ತು.

ಅವನು ಮೆಟ್ಟಿಲು ಹತ್ತಿ ಬಂದಾಗ ಅವಳು ಮೊಬೈಲನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದಳು. ಹಣೆಯೆಲ್ಲ ಬೆವರು. ಅಕ್ಕಾ, ನಂಬರು ಎಷ್ಟು ಎಂದ. ಅವಳು ಅವನ ಮುಖ ನೋಡಿದಳು. ಗುರುತಿನ ಒಂದು ಎಳೆಯೂ ಆ ಕಣ್ಣಲ್ಲಿ ಇರಲಿಲ್ಲ.

"ಲೈನ್‌ಗಳೆಲ್ಲ ಒಟ್ಟಿಗೆ ಬರ್ತಿವೆ ಸ್ವಾಮಿ," ಅಂದಳು, ಬಹಳ ಮರ್ಯಾದೆಯಿಂದ. "ಸ್ವಲ್ಪ ಕಾಯಿರಿ. ನಿಮಗೆ ಯಾರು ಬೇಕಿತ್ತು?"

ಏನು ಹೇಳಬೇಕು, ತಾನು ಯಾರೆಂದು ಹೇಳಬೇಕೇ, ಅಥವಾ ಮೊದಲು ಮರಿಗಳೇ? ಅಷ್ಟರಲ್ಲಿ ಫೋನು ಟಿಣ್ ಎಂದಿತು. ಅವನು ಅದನ್ನು ಕಿತ್ತುಕೊಂಡ. ಅಕ್ಕನ ಕೈಯಿಂದ ಅವನು ಏನನ್ನಾದರೂ ಕಿತ್ತುಕೊಂಡದ್ದು ಅದೇ ಮೊದಲು. ಅವಳು ಬೆಚ್ಚಿ ಗೋಡೆಗೆ ಒರಗಿದಳು. ಪರದೆಯ ಮೇಲೆ ನಾಲ್ಕು ಅಂಕಿ ಸ್ಪಷ್ಟವಾಗಿದ್ದವು. ಅವನು ತನ್ನ ಫೋನಿನಿಂದ ಗಡ್ಡನಿಗೆ ಹಚ್ಚಿದ. ಗಡ್ಡ ಗಾಡಿ ಓಡಿಸುತ್ತಿದ್ದ, ಫೋನು ಎತ್ತಲಿಲ್ಲ. ಮತ್ತೆ ಹಚ್ಚಿದ. ಸುತ್ತು ಮುಗಿಸಿ ಗೇಟಿನಲ್ಲಿ ನಿಲ್ಲಿಸಿಯೇ ಅವನು ಎತ್ತಿದ್ದು. ಗುಮಾಸ್ತ ಒಂದೊಂದೇ ಅಂಕಿ ಬಿಡಿಸಿ ಬಿಡಿಸಿ ಹೇಳಿದ. ಗಡ್ಡ ಒಂದೊಂದೇ ಒತ್ತಿದ.

ಮೂರನೆಯ ತಪ್ಪು. ಬೀಗ ಸೆಟೆದುಕೊಂಡಿತು. ಗುಮಾಸ್ತನ ಕೈಯಲ್ಲಿದ್ದ ಅಕ್ಕನ ಮೊಬೈಲು ಆಗಲೇ ಇನ್ನೊಂದು ಸಲ ಟಿಣ್ ಎಂದು, ಇನ್ನೊಂದು ಹೊಸ ನಂಬರು ತೋರಿಸುತ್ತಿತ್ತು.

ಓದುಬರಹ ಬಲ್ಲ, ನೆನಪು ನೆಟ್ಟಗಿರುವ ಅವನೇ ಕೊಟ್ಟ ನಂಬರು ಅದು. ಯಾಕೆ ತಪ್ಪಾಯಿತೆಂದು ಅವನಿಗೆ ತಲೆಬುಡ ತಿಳಿಯಲಿಲ್ಲ. ಫೋನಿನಲ್ಲಿ ಗಡ್ಡ ಸರ್ ಸರ್ ಎನ್ನುತ್ತಿದ್ದ, ಅವನ ಹಿಂದೆ ಮರಿಗಳ ಕೂಗು. ಗೋಡೆಗೆ ಒರಗಿದ್ದ ಅಕ್ಕ ಅವನನ್ನೇ ನೋಡುತ್ತಿದ್ದಳು. ಈಗ ಉಳಿದದ್ದು ಒಂದೇ. ಆ ಒಂದನ್ನು ಮಾಡಿದರೆ ಆರು ತಿಂಗಳ ಸುಳ್ಳೂ, ಮೂರು ವಾರದ ಸುಖವೂ ಒಟ್ಟಿಗೇ ಮುಗಿಯುತ್ತವೆ. ಗಾಡಿ ಓಡಿಸುತ್ತಲೇ ಇರು ಎಂದು ಗಡ್ಡನಿಗೆ ಹೇಳಿ ಅವನು ಯಜಮಾನರಿಗೆ ಫೋನು ಮಾಡಿದ. ಬೀಗ ಬಿಡಿಸಿ ಎಂದು ಕೇಳಿದ. ಯಾರ ಫೋನಿಗೆ ಹೋಗಿತ್ತಪ್ಪಾ ಓಟಿಪಿ, ಅವರೇ ಯಾಕೆ ಕೊಡಲಿಲ್ಲ ಎಂದು ಅವರು ಕೇಳಿದರು.

"ನಮ್ಮ ಮನೆ ಫೋನು ಸರ್," ಅಂದ ಗುಮಾಸ್ತ. "ಮುನ್ನೂರ ಹದಿನೇಳೂ ನಮ್ಮ ಮನೇದೇ. ನಮ್ಮಕ್ಕನ ಹತ್ರ ಇತ್ತು. ನಮ್ಮಕ್ಕನಿಗೆ ನೆನಪು ಹೋಗ್ತಿದೆ ಸರ್. ಆರು ತಿಂಗಳಾಯ್ತು. ನಾನು ಮುಚ್ಚಿಟ್ಟೆ."

ಹೇಳಿದ ಮೇಲೆ ಅವನಿಗೆ ಅಳು ಬಂತು. ಅಳುತ್ತಲೇ ಯಜಮಾನರಿಗೆ ಯಾವ ಗುಂಡಿ ಒತ್ತಬೇಕೆಂದು ಹೇಳಿದ, ಅವರಿಗೆ ಸಿಗಲಿಲ್ಲ, ಮಾತ್ರೆಯನ್ನು ಕರೆದರು, ಮಾತ್ರೆ ಪಾಸ್‌ವರ್ಡ್ ಕೇಳಿದ, ಯಜಮಾನರಿಗೆ ಅದು ನೆನಪಿರಲಿಲ್ಲ. ಹನ್ನೆರಡು ನಿಮಿಷ ಆಯಿತು. ಕೊನೆಗೂ ಬಾಗಿಲು ತೆರೆಯಿತು.

ಸಂಜೆ ಆಫೀಸಿನಲ್ಲಿ ಅವನು ನಿರೀಕ್ಷಿಸಿದಷ್ಟು ಬೈಗುಳ ಬೀಳಲಿಲ್ಲ. ಸನ್ಮಾನದ ಶಾಲು ಉಳಿಯಿತು ಬಿಡು ಎಂದು ಯಜಮಾನರು ಹುಳ್ಳಗೆ ನಕ್ಕರು. ನಾಳೆ ರಜೆ ಹಾಕಿ ಅಕ್ಕನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದೂ ಹೇಳಿದರು. ಮಾತ್ರೆ ಕೂತು ಕಾಲಂ ಅಳಿಸಿದ. ಗಡ್ಡ ಬಂದು ಸತ್ತ ಮರಿಗಳ ಎಣಿಕೆ ಹೇಳಿ, ಅಕ್ಕ ಹೇಗಿದ್ದಾರೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ಹೋದ.

ಮನೆಗೆ ಬಂದಾಗ ಅಕ್ಕ ಮೇಜಿನ ಮುಂದೆಯೇ ಇದ್ದಳು. ಕಣ್ಣು ತಿಳಿಯಾಗಿದ್ದವು, ಅವನನ್ನು ನೋಡಿ, ತಮ್ಮಾ, ಇಷ್ಟೊತ್ತು ಎಲ್ಲಿದ್ದೆ ಎಂದಳು. ಆಮೇಲೆ ಎಷ್ಟು ಸತ್ವು ಎಂದು ಕೇಳಿದಳು. ಒಂದೂ ಇಲ್ಲ ಎಂದ.

"ನೀನು ಫೋನಲ್ಲಿ ಅವರಿಗೆ ಹೇಳಿದ್ದು ಕೇಳಿಸ್ತು ಕಣೋ," ಅಂದಳು ಅಕ್ಕ. "ನನಗೆ ಮೊದಲೇ ಗೊತ್ತಿತ್ತು. ನಂಬರ್ ಓದ್ತಿದ್ದೆ, ಅಷ್ಟರಲ್ಲಿ ಹೋಗಿಬಿಡೋದು. ಹೋಯ್ತು ಅಂದ್ರೆ ಫೋನ್ ಕಿತ್ಕೊಂಡು ಹೋಗ್ತೀಯ ಅಂತ ಬಾಯಿಗೆ ಬಂದದ್ದು ಹೇಳ್ತಿದ್ದೆ. ಇನ್ನು ನೀನೂ ಸುಳ್ಳು ಹೇಳ್ಬೇಡ. ಎಷ್ಟು?"

"ನಲವತ್ತಮೂರು."

ಅವಳು ತಲೆಯಾಡಿಸಿದಳು. ಇದೊಂದನ್ನ ಮರೀಬಾರದು ಎಂದಳು. ತಟ್ಟೆ ತೊಳೆಯುವಾಗ ನಲವತ್ತಮೂರು ಎಂದು ಮೆಲ್ಲಗೆ ಹೇಳಿಕೊಂಡಳು, ಬಟ್ಟೆ ಮಡಿಸುವಾಗ ಹೇಳಿಕೊಂಡಳು. ಬೇಡ ಅಕ್ಕಾ ಎಂದರೆ ಕೈಯೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದಳು.

ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಲು ಅವನು ಟೀ ಮಾಡಿ ತಂದಾಗ ಅವಳು ಆಗಲೇ ತಯಾರಾಗಿ ಕೂತಿದ್ದಳು. ಮುಖದಲ್ಲಿ ಒಂದು ಗೆಲುವಿತ್ತು. ತಮ್ಮ ಎದುರಿಗೆ ಕೂರುವುದನ್ನೇ ಕಾಯುತ್ತಿದ್ದವಳಂತೆ ಮುಂದೆ ಬಾಗಿದಳು.

"ನಲವತ್ತಮೂರು," ಅಂದಳು. "ಒಂದಂಕಿನೂ ಬಿಟ್ಟಿಲ್ಲ ನೋಡು. ಬೆಳಗಿಂದ ಹಿಡ್ಕೊಂಡು ಕೂತಿದ್ದೀನಿ. ಯಾರಿಗೆ ಕೊಡಬೇಕಿತ್ತು ಅನ್ನೋದೇ ತಿಳೀತಿಲ್ಲ."

ಗುಮಾಸ್ತ ಟೀ ಲೋಟ ಕೆಳಗಿಟ್ಟ.

"ನನಗೇ ಕೊಡಬೇಕಿತ್ತು ಅಕ್ಕಾ," ಅಂದ.

ಅವಳು ಬೆನ್ನು ನೆಟ್ಟಗೆ ಮಾಡಿ ಕೂತು, ಬರೆದುಕೊಳ್ಳುವವರಿಗೆ ಹೇಳುವ ಹಾಗೆ ನಿಧಾನವಾಗಿ ಬಿಡಿಸಿ ಹೇಳಿದಳು: ನಾಲ್ಕು, ಮೂರು. ಅವನು ಅದನ್ನು ತಿರುಗಿ ಹೇಳಿದ. ಸರಿಯಾಗಿದೆ ಎಂದು ಅವಳು ಟೀ ಲೋಟ ಎತ್ತಿಕೊಂಡಳು.